ಸ್ಟೆಂಟ್ ಹಾಕಿಸ್ಕೊಂಡೋರು ಹಾರ್ಟ್ ಫೇಲ್ಯೂರ್ ಬಗ್ಗೆ ಮನೇಲೇ ನಿಗಾ ಇಡೋದು ಹೇಗೆ?

ಸ್ಟೆಂಟ್ ಹಾಕಿಯೋ ಬೈಪಾಸ್ ಆಗಿಯೋ ಕೆಲವು ವರ್ಷ ಆಗಿದೆ, ಎದೆನೋವಿಲ್ಲ, ಮಾತ್ರೆ ನಡೀತಿದೆ, ಡಾಕ್ಟ್ರು ಸ್ಟೇಬಲ್ ಇದ್ದೀರಿ ಅಂದಿದ್ದಾರೆ, ಇಂಥವರ ಮನೇಲಿ ಎಲ್ರಿಗೂ ಇನ್ನೊಂದು ಅಟ್ಯಾಕ್ ಆಗದಿದ್ರೆ ಸಾಕು ಅನ್ನೋದೊಂದೇ ಚಿಂತೆ. ಹಾರ್ಟ್ ಫೇಲ್ಯೂರ್ ಕಡೆ ಗಮನಾನೇ ಹೋಗಲ್ಲ. ಹೃದಯ ಥಟ್ ಅಂತ ನಿಲ್ಲೋದಲ್ಲ ಅದು, ಹೃದಯದ ಸ್ನಾಯು ಸೋತು, ರಕ್ತ ಸರಿಯಾಗಿ ಪಂಪ್ ಆಗದೆ, ಶ್ವಾಸಕೋಶದಲ್ಲಿ ಕಾಲಲ್ಲಿ ನೀರು ಸೇರ್ಕೊಳ್ಳೋದು. ಕಟ್ಟಿಕೊಂಡಿದ್ದ ರಕ್ತನಾಳವನ್ನ ಸ್ಟೆಂಟ್ ತೆರೆಯುತ್ತೆ ನಿಜ, ಆದ್ರೆ ಹಳೇ ಅಟ್ಯಾಕಲ್ಲಿ ಸತ್ತುಹೋದ ಸ್ನಾಯು ಅದರಿಂದ ವಾಪಸ್ ಬರಲ್ಲ. ಜೊತೆಗೆ ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ರೆ, ನಾಡಿ ಏರುಪೇರಾಗಿ ಬಡೀತಿದ್ರೆ ರಿಸ್ಕ್ ಇನ್ನೂ ಜಾಸ್ತಿ.

ಮೊದಲು ಫೈಲ್ ತೆಗೆದು ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಹುಡುಕಿ. ಅದರಲ್ಲಿ ಇಎಫ್ ಅಂತ ಒಂದು ನಂಬರ್ ಇರುತ್ತೆ, ಹೃದಯ ತುಂಬ್ಕೊಂಡ ರಕ್ತದಲ್ಲಿ ಶೇಕಡಾ ಎಷ್ಟನ್ನ ಒಂದು ಬಡಿತಕ್ಕೆ ಹೊರಗೆ ತಳ್ಳುತ್ತೆ ಅನ್ನೋ ಲೆಕ್ಕ ಅದು. ಸುಮಾರು 55ರ ಮೇಲಿದ್ರೆ ನಾರ್ಮಲ್, 40 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಸ್ನಾಯು ವೀಕ್ ಆಗಿದೆ ಅಂತ. ಇಎಫ್ ಚೆನ್ನಾಗಿದ್ರೂ ಹೃದಯ ಬಿಗಿಯಾಗಿ ಸರಿಯಾಗಿ ಹಿಗ್ಗದೆ ಇರಬಹುದು, ಬಿಪಿ ಶುಗರ್ ಇರೋರಲ್ಲಿ ಇದು ಸಾಮಾನ್ಯ, ಹಾಗಾಗಿ ಏದುಸಿರು ಇದ್ರೆ ಹೃದಯಕ್ಕೆ ಒತ್ತಡ ಬಿದ್ದಿದ್ಯಾ ಅಂತ ತೋರಿಸೋ ಎನ್‌ಟಿ-ಪ್ರೋಬಿಎನ್‌ಪಿ ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟ್ರನ್ನ ಕೇಳಿ.

ಆಮೇಲೆ ಒಂದು ತೂಕದ ಮಷೀನ್ ತಗೊಳ್ಳಿ, ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ಉಪಯೋಗಕ್ಕೆ ಬರೋ ವಸ್ತು ಬೇರೆ ಇಲ್ಲ. ಬೆಳಿಗ್ಗೆ ಎದ್ದು ಟಾಯ್ಲೆಟ್‌ಗೆ ಹೋಗಿಬಂದು, ಕಾಫಿ ತಿಂಡಿಗೆ ಮುಂಚೆ, ದಿನಾ ಅದೇ ಥರದ ಹಗುರ ಬಟ್ಟೆಲಿ ನಿಂತು ನೋಡಿ ಕ್ಯಾಲೆಂಡರಲ್ಲಿ ಬರೀರಿ. ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಅದು ಕೊಬ್ಬಲ್ಲ, ನೀರು. ಮುಂದಿನ ಚೆಕಪ್‌ವರೆಗೂ ಕಾಯದೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ. ಕಾಲು ನೋಡೋದೂ ಸುಲಭ, ಪಾದದ ಗಂಟಿನ ಮೇಲೆ, ಮುಂದಿನ ಮೂಳೆಗೆ ಹೆಬ್ಬೆರಳು ಒತ್ತಿ ಹತ್ತು ಸೆಕೆಂಡ್ ಹಿಡಿದು ಬಿಡಿ, ಗುಳಿ ಬಿದ್ದು ಹಾಗೇ ಉಳಿದ್ರೆ ಊತ ಇದೆ. ಅಮ್ಲೋಡಿಪಿನ್ ಬಿಪಿ ಮಾತ್ರೆಯಿಂದಲೂ ಪಾದ ಊದುತ್ತೆ, ಗಾಬರಿ ಬೇಡ, ಆದ್ರೆ ಮಾತ್ರೆಯದ್ದೇ ಇರಬಹುದು ಅಂತ ನೀವೇ ತೀರ್ಮಾನ ಮಾಡ್ಕೊಂಡು ಸುಮ್ನಿರಬೇಡಿ.

ಉಸಿರಾಟಕ್ಕೂ ಒಂದು ಲೆಕ್ಕ ಇಟ್ಕೊಳ್ಳಿ. ಹೋದ ತಿಂಗಳು ಆರಾಮಾಗಿ ಹತ್ತಿದ ಮೆಟ್ಟಿಲಲ್ಲಿ ಈಗ ಮಧ್ಯ ನಿಲ್ಲಬೇಕಾ, ಒಂದು ದಿಂಬಿದ್ದಿದ್ದು ಎರಡಾಗಿದ್ಯಾ, ರಾತ್ರಿ ಉಸಿರು ಕಟ್ಟಿದಂಗಾಗಿ ಎದ್ದು ಕೂರ್ತಾರಾ, ಮಲಗಿದ್ರೆ ಕೆಮ್ಮು ಬರುತ್ತಾ? ನಮ್ಮಲ್ಲಿ ಇದನ್ನೆಲ್ಲ ಗ್ಯಾಸು, ವಯಸ್ಸಾಯ್ತು ಅಂತ ತಳ್ಳಿಹಾಕೋದೇ ಜಾಸ್ತಿ, ಅದರಲ್ಲೂ ಹೆಂಗಸರು ಹೇಳ್ಕೊಳ್ಳೋದೇ ಇಲ್ಲ, ಮನೆಯವರೇ ಕೇಳಬೇಕು.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಎಲ್ಲಾ ಸೇರಿ ಒಂದು ಟೀ ಚಮಚ. ಸಾರಿಗೆ ಕಮ್ಮಿ ಹಾಕಿ ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇಟ್ಕೊಂಡ್ರೆ ಏನೂ ಉಪಯೋಗ ಆಗಲ್ಲ. ಸೈಂಧವ ಲವಣದಲ್ಲೂ ಇರೋದು ಸೋಡಿಯಮ್ಮೇ. ಲೋ ಸೋಡಿಯಂ ಉಪ್ಪಲ್ಲಿ ಪೊಟ್ಯಾಸಿಯಂ ಇರುತ್ತೆ, ರಾಮಿಪ್ರಿಲ್, ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ಥರದ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸೋ ಬಿಪಿ-ಹಾರ್ಟ್ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳದೆ ಬಳಸಲೇಬಾರದು.

ಮಾತ್ರೆ ವಿಷ್ಯದಲ್ಲಿ ನನಗೆ ಜಾಸ್ತಿ ಭಯ ಮಂಡಿನೋವಿನದ್ದು. ಮೆಡಿಕಲ್ ಸ್ಟೋರಲ್ಲಿ ಸುಲಭಕ್ಕೆ ಸಿಗೋ ಡೈಕ್ಲೋಫೆನಾಕ್, ಐಬುಪ್ರೊಫೆನ್ ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತೆ, ಕಿಡ್ನಿಗೂ ಪೆಟ್ಟು, ಎಷ್ಟೋ ಜನ ಇದನ್ನ ಹಾರ್ಟ್ ಡಾಕ್ಟ್ರಿಗೆ ಹೇಳೋದೇ ಇಲ್ಲ. ಶುಗರಿಗೆ ಪಯೋಗ್ಲಿಟಜೋನ್ ತಗೊಳ್ತಿದ್ರೆ ಅದನ್ನೂ ತಿಳಿಸಿ, ಅದೂ ನೀರು ಹಿಡಿಸುತ್ತೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಶುರುವಲ್ಲಿ ಶುಗರ್ ಮಾತ್ರೆಗಳೇ, 2019, 2020ರ ದೊಡ್ಡ ಅಧ್ಯಯನಗಳಲ್ಲಿ ಶುಗರ್ ಇಲ್ಲದ ಹಾರ್ಟ್ ಫೇಲ್ಯೂರ್ ರೋಗಿಗಳಿಗೂ ಅನುಕೂಲ ಆಗಿದ್ದು ಕಂಡುಬಂತು, ನಿಮಗೆ ಹೊಂದುತ್ತಾ ಅಂತ ಕೇಳಿ ನೋಡಿ. ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್‌ನ (ಹೃದಯದ ಬಡಿತ ನಿಧಾನ ಮಾಡೋ ಮಾತ್ರೆ) ಯಾವತ್ತೂ ನೀವಾಗೇ ನಿಲ್ಲಿಸಬೇಡಿ.

ಕೂತಲ್ಲೇ ಏದುಸಿರು, ನೊರೆ ನೊರೆ ಗುಲಾಬಿ ಕಫ, ತಲೆಸುತ್ತಿ ಬೀಳೋದು, ಎದೆನೋವು, ಇದರಲ್ಲಿ ಯಾವುದು ಕಂಡ್ರೂ ತೂಕ ನೋಡ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ರೋಗಿನ ಮಲಗಿಸ್ಬೇಡಿ, ಕಾಲು ಇಳಿಬಿಟ್ಟು ಕೂರಿಸಿ, ತಲೆಸುತ್ತಿ ಬಿದ್ದಿದ್ರೆ ಮಾತ್ರ ಮಲಗಿಸಿ. ಹೋಗುವಾಗ ಮಾತ್ರೆಗಳ ಸ್ಟ್ರಿಪ್ಪು, ಹಳೇ ಎಕೋ ರಿಪೋರ್ಟು, ತೂಕ ಬರೆದಿಟ್ಟ ಕ್ಯಾಲೆಂಡರ್ ಒಂದೇ ಕವರಲ್ಲಿ ಹಾಕಿ ತಗೊಂಡೋಗಿ.