ತಾರಸಿ ತೋಟ: ಮೊದಲು ಭಾರದ ಲೆಕ್ಕ, ಆಮೇಲೆ ಬೀಜ

ನಗರ ಬೆಳೆದಷ್ಟೂ ಮಣ್ಣು ಕಾಂಕ್ರೀಟಿನಡಿ ಹೋಗುತ್ತದೆ. ಮಳೆನೀರು ಇಂಗದೆ ಚರಂಡಿಗೆ ನುಗ್ಗುತ್ತದೆ, ಹಸಿಕಸ ಲಾರಿ ಹತ್ತಿ ಊರಾಚೆ ಕೊಳೆಯುತ್ತದೆ. ತಾರಸಿ ತೋಟ ಮಾಡಿದರೆ ತರಕಾರಿ ಕೊಳ್ಳುವುದೇ ಬೇಡ ಎಂದು ನಂಬಬೇಡಿ. ನಗರಕ್ಕೆ ದೊಡ್ಡ ಲಾಭ ಇರುವುದು ನೀರು ಮತ್ತು ಕಸದಲ್ಲಿ.

ನೆನೆದ ಮಣ್ಣು ಘನ ಮೀಟರಿಗೆ 1,600 ಕಿಲೋ ಮೀರಬಹುದು. 30 ಸೆಂ.ಮೀ. ದಪ್ಪಕ್ಕೆ ಹರಡಿದರೆ ಚದರ ಮೀಟರಿಗೆ ಸುಮಾರು 500 ಕಿಲೋ! ಸಾಮಾನ್ಯ ಮನೆಯ ತಾರಸಿಯನ್ನು ಇಷ್ಟು ಭಾರಕ್ಕೆಂದು ಕಟ್ಟಿರುವುದಿಲ್ಲ. ಹಾಗಾಗಿ ಮಣ್ಣು ಹರಡದೆ, ಗಿಡ ಬೆಳೆಸುವ ಚೀಲಗಳಾದ ಗ್ರೋ ಬ್ಯಾಗ್‌ಗಳನ್ನು ಗೋಡೆ ಮತ್ತು ತೊಲೆಗಳ ನೇರಕ್ಕೆ ಬಿಡಿಬಿಡಿಯಾಗಿ ಇಡಿ. ಕಟ್ಟಡ ಹಳೆಯದಾದರೆ ಮೊದಲು ಎಂಜಿನಿಯರ್‌ಗೆ ತೋರಿಸಿ. ಬ್ಯಾಗ್ ಇಟ್ಟಿಗೆಯ ಮೇಲೆ ಕೂರಲಿ. ಅಡಿಯಲ್ಲಿ ನೀರು ನಿಂತರೆ ತಾರಸಿ ಸೋರುವ ದಿನ ದೂರವಿಲ್ಲ.

ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಸಮಪಾಲು ಬೆರೆಸಿದರೆ ಭಾರ ಇಳಿಯುತ್ತದೆ. ಕೋಕೋಪೀಟನ್ನು ಎರಡು ಸಲ ತೊಳೆಯಿರಿ, ಉಪ್ಪಿನಂಶ ಉಳಿದರೆ ಎಲೆಯಂಚು ಸುಡುತ್ತದೆ. ಸೊಪ್ಪಿಗೆ 15 ಸೆಂ.ಮೀ. ಆಳ, ನಾಲ್ಕು ಗಂಟೆ ಬಿಸಿಲು ಸಾಕು. ಟೊಮೆಟೊ, ಬದನೆಗೆ 30 ಸೆಂ.ಮೀ. ಆಳ, ಆರು ಗಂಟೆ ಬಿಸಿಲು ಬೇಕು. ದಟ್ಟಣೆಯ ರಸ್ತೆ ಬದಿಯ, ಹಳೆ ಬಣ್ಣ ಉದುರಿದ ಗೋಡೆಯ ಪಕ್ಕದ ಮಣ್ಣು ತರಬೇಡಿ, ಅದರಲ್ಲಿ ಸೀಸ ಇರಬಹುದು.

ಹೆಚ್ಚಿನವರು ಸೋಲುವುದು ಗೊಬ್ಬರದಲ್ಲಿ. ತೂತಿರುವ ಡಬ್ಬದಲ್ಲಿ ಒಂದು ಪಾಲು ಹಸಿಕಸಕ್ಕೆ ಎರಡು ಪಾಲು ಒಣ ತರಗೆಲೆ ಹಾಕಿ, ವಾರಕ್ಕೊಮ್ಮೆ ತಿರುವಿ. ಕೊಳೆತ ವಾಸನೆ ಬಂದರೆ ತೇವ ಹೆಚ್ಚಾಗಿ ಗಾಳಿಯಾಡುತ್ತಿಲ್ಲ ಎಂದರ್ಥ, ಇನ್ನಷ್ಟು ತರಗೆಲೆ ಸೇರಿಸಿ. ಇರುವೆ ಮುತ್ತಿದರೆ ಒಣಗಿದೆ, ನೀರು ಚಿಮುಕಿಸಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಹೊಸ ಮಳೆಯ ಮಣ್ಣಿನ ವಾಸನೆ ಬಂದಾಗ ಮಾತ್ರ ಬಳಸಿ. ಅರೆಬೆಂದ ಗೊಬ್ಬರ ಬೇರು ಸುಡುತ್ತದೆ.

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. 50 ಚದರ ಮೀಟರ್ ತಾರಸಿಗೆ 20 ಮಿ.ಮೀ. ಸುರಿದರೆ ಸಾವಿರ ಲೀಟರ್. ಮೊದಲ ಕೊಳೆನೀರು ಹೊರಬಿಟ್ಟು ಉಳಿದದ್ದನ್ನು ಡ್ರಮ್ಮಿಗೆ ತಿರುಗಿಸಿ. ಬಾಯಿಗೆ ಜಾಲರಿ ಕಟ್ಟದಿದ್ದರೆ ಸೊಳ್ಳೆ ಸಾಕಿದಂತೆ. ನೀರು ಬೆಳಿಗ್ಗೆ ಹಾಕಿ, ಅದೂ ಬೆರಳು ಚುಚ್ಚಿದಾಗ ಮೇಲಿನ ಎರಡು ಸೆಂ.ಮೀ. ಒಣಗಿದ್ದರೆ ಮಾತ್ರ. ಗಿಡಹೇನು ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಎಲೆಯಡಿಗೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆಯೇ ಸುಡುತ್ತದೆ.