ವೀಸಾ ಬೇರೆ, ಬಕೆಟ್ ಬೇರೆ

ಒಂದು ವರ್ಷ ಸುತ್ತಾಡುತ್ತಾ ಕೆಲಸ ಮಾಡಲು ಬಿಡುವ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾಕ್ಕೆ ಗಂಡ ಹೆಂಡತಿ ಅನ್ನೋ ಲೆಕ್ಕವೇ ಇಲ್ಲ. ವಯಸ್ಸು 18ರಿಂದ 30, ಇಡೀ ಭಾರತಕ್ಕೆ ವರ್ಷಕ್ಕೆ 1000 ಜನ, ಅದೂ ಲಾಟರಿಯಲ್ಲಿ. 2024ರ ಅಕ್ಟೋಬರಿನಲ್ಲಿ ನಮಗೆ ಮೊದಲ ಸಲ ಬಾಗಿಲು ತೆರೆದಾಗ ನಾನೂ ನನ್ನ ಹೆಂಡತಿಯೂ ತಲಾ 25 ಡಾಲರ್ ಕಟ್ಟಿ ಬೇರೆ ಬೇರೆಯಾಗಿ ಹೆಸರು ಕೊಟ್ಟೆವು. ಅವಳದು ಮೊದಲು ಬಂತು. ಆಯ್ಕೆಯಾದ 28 ದಿನದೊಳಗೆ ಅರ್ಜಿ ಹಾಕಲೇಬೇಕು, ನನಗೋಸ್ಕರ ಕಾಯುವ ಹಾಗಿಲ್ಲ. ಹಾಕಿದಳು. ಪುಣ್ಯಕ್ಕೆ, ವೀಸಾ ಸಿಕ್ಕ ಮೇಲೆ ಹೊರಡಲು ಒಂದು ವರ್ಷ ಸಮಯ ಇರುತ್ತದೆ. ಅಷ್ಟರಲ್ಲಿ ನನ್ನ ಹೆಸರೂ ಬಂತು. ನನ್ನದು ಬಾರದಿದ್ದರೆ ಒಬ್ಬಳೇ ಹೋಗ್ತಿದ್ಯಾ ಅಂತ ಇವತ್ತಿಗೂ ನಾನು ಕೇಳಿಲ್ಲ.

ಸಿಡ್ನಿಯಲ್ಲಿ ಒಂದು ತಿಂಗಳು ಪಾತ್ರೆ ತೊಳೆದದ್ದು ಬಿಟ್ಟರೆ ಹೇಳುವಂಥದ್ದೇನೂ ಆಗಲಿಲ್ಲ. ಬಾಡಿಗೆಗೇ ಸಂಬಳ ಸರಿಹೋಗುತ್ತಿತ್ತು. ಎರಡನೇ ವರ್ಷವೂ ಇರಬೇಕೆಂದರೆ ಹಳ್ಳಿಗಾಡಿನಲ್ಲಿ ಮೂರು ತಿಂಗಳು ಕೆಲಸ ಮಾಡಿದ ದಾಖಲೆ ಬೇಕು. ಹಳೇ ಕಾರೊಂದು ಕೊಂಡು, 500 ಕಿಲೋಮೀಟರ್‌ಗಿಂತ ಜಾಸ್ತಿ ಉತ್ತರಕ್ಕೆ, ಕಾಫ್ಸ್ ಹಾರ್ಬರ್ ಹತ್ತಿರದ ವೂಲ್‌ಗೂಲ್ಗಾಕ್ಕೆ ಹೋದೆವು. ಗುಡ್ಡದ ಮೇಲೆ ಬಿಳೀ ಗುರುದ್ವಾರ. ಹಿಂದೆ ಬಾಳೆ ತೋಟದ ಕೆಲಸಕ್ಕೆ ಬಂದು ನೆಲೆನಿಂತ ಸಿಖ್ಖರ ಮಕ್ಕಳು, ಮೊಮ್ಮಕ್ಕಳು ಈಗ ಅಲ್ಲಿ ಬ್ಲೂಬೆರಿ ಬೆಳೆಯುತ್ತಾರೆ. ಮೊದಲ ವಾರ ಲಂಗರ್‌ನ, ಅಂದರೆ ಗುರುದ್ವಾರದ ಉಚಿತ ಊಟದ, ದಾಲ್ ರೋಟಿ ಇಲ್ಲದಿದ್ದರೆ ಬರೀ ಬ್ರೆಡ್ಡೇ ಗತಿಯಾಗಿತ್ತು.

ಬ್ಲೂಬೆರಿ ಬಿಡಿಸುವುದು ಆಟ ಅಂದುಕೊಂಡಿದ್ದೆ. ಹಣ್ಣಿನ ಮೇಲೆ ಬೂದಿ ಬಳಿದ ಹಾಗೆ ತೆಳು ಬಿಳಿ ಪದರ ಇರುತ್ತದೆ. ಅದು ಅಳಿಸಬಾರದು. ತೊಟ್ಟಿನ ಹತ್ತಿರ ಕೆಂಪಗಿದ್ದರೆ ಕಾಯಿ, ಮುಟ್ಟಬಾರದು. ಹಿಡಿದು ಎಳೆಯಬಾರದು, ಹೆಬ್ಬೆರಳಿಂದ ಸುಮ್ನೆ ಹೊರಳಿಸಬೇಕು, ಹಣ್ಣಾಗಿದ್ದರೆ ತಾನೇ ಅಂಗೈಗೆ ಉದುರುತ್ತದೆ. ಸೊಂಟಕ್ಕೆ ಬಕೆಟ್ ಕಟ್ಟಿರುತ್ತಾರೆ. ಮೊದಲ ದಿನ ನನ್ನದು 19 ಕಿಲೋ, ಅವಳದು 34.

ಅವಳು ಸಕಲೇಶಪುರದವಳು, ಮನೆಯಲ್ಲಿ ಸಣ್ಣ ಕಾಫಿ ತೋಟ ಇದೆ. ಕುಯ್ಲಿನ ದಿನಗಳಲ್ಲಿ ಸಂಜೆ ಅಪ್ಪನ ಜೊತೆ ತಕ್ಕಡಿ ಹತ್ತಿರ ನಿಂತು ಆಳುಗಳ ಕಾಫಿ ಹಣ್ಣಿನ ತೂಕ ಬರೆದುಕೊಳ್ಳುತ್ತಿದ್ದಳಂತೆ. ಎಲೆ, ಕಡ್ಡಿ, ಹಸಿಕಾಯಿ ಜಾಸ್ತಿ ಇದ್ದರೆ ತೂಕದಲ್ಲಿ ಅಷ್ಟು ಮುರಿದುಕೊಳ್ಳುತ್ತಿದ್ದರು. ಗಿಡಕ್ಕೆ ಕೈ ಹಾಕುವ ಮುಂಚೆ ಬಗ್ಗಿ ಕೆಳಗಿಂದ ನೋಡು, ಎರಡೂ ಕೈ ಆಡಿಸು ಅಂತ ನನಗೆ ಹೇಳಿಕೊಟ್ಟಳು. ಮೂರನೇ ದಿನ ಹಸಿರು ಕಾಯಿ ಇದೆ ಅಂತ ಅವಳ ಬಕೆಟ್ ವಾಪಸ್ ಬಂತು. ಏನೂ ಮಾತಾಡದೆ ಕೂತು ಒಂದೊಂದಾಗಿ ಆರಿಸಿದಳು.

ಎಡವಟ್ಟಾದದ್ದು ಸಂಬಳದ ಚೀಟಿಯಲ್ಲಿ. ಕೂಲಿ ಕಂಟ್ರಾಕ್ಟರ್ ಒಬ್ಬ ಇಬ್ಬರ ಬಕೆಟ್ಟನ್ನೂ ತೂಕ ದಾಖಲಿಸುವ ನನ್ನ ಕಾರ್ಡಿಗೇ ಹಾಕುತ್ತಿದ್ದ. 'ಗಂಡ ಹೆಂಡತಿ ತಾನೆ, ದುಡ್ಡು ಒಂದೇ ಮನೆಗೆ ಹೋಗೋದು' ಅಂದ. ನನಗೂ ಸರಿ ಅನ್ನಿಸಿತು, ಅದೇ ತಪ್ಪು. ಚೀಟಿ ಕೈಗೆ ಬಂದಾಗ ಅವಳ 11 ದಿನ ಕಾಗದದ ಮೇಲೆ ಇರಲೇ ಇಲ್ಲ. ನಾನು ಮಾತ್ರ ಭಾರೀ ಕೆಲಸಗಾರ! ಇನ್ನೂ ಒಂದಿದೆ. 2022ರ ಏಪ್ರಿಲ್‌ನಿಂದ ಕಿಲೋ ಲೆಕ್ಕದ ಕೆಲಸಕ್ಕೂ ಗಂಟೆಗೆ ಇಷ್ಟು ಅಂತ ಕನಿಷ್ಠ ಕೂಲಿ ಕೊಡಲೇಬೇಕೆಂಬ ನಿಯಮವಿದೆ. ಕಾಯಂ ಅಲ್ಲದ ನಮ್ಮಂಥ ಕೆಲಸಗಾರರಿಗೆ ಅದು 30 ಡಾಲರ್ ದಾಟುತ್ತದೆ. ಒಂದೇ ಕಾರ್ಡಾದರೆ ಇಬ್ಬರಿಗೆ ಒಂದೇ ಕೂಲಿ, ಅಷ್ಟೇ.

ಜಗಳ ಆಡಿದೆವು, ಅವನ ಜೊತೆಗಿಂತ ನಮ್ಮನಮ್ಮಲ್ಲೇ ಜಾಸ್ತಿ. ಆ ದಿನಗಳು ವಾಪಸ್ ಬರಲಿಲ್ಲ. ಬೇರೆ ತೋಟ ಹಿಡಿದೆವು. ತೆರಿಗೆ ನಂಬರು, ಬ್ಯಾಂಕ್ ಖಾತೆ ಮೊದಲೇ ಬೇರೆ ಇದ್ದವು. ಈಗ ಕಾರ್ಡೂ ಬೇರೆ, ದಿನ ಬರೆದಿಡುವ ಪುಸ್ತಕವೂ ಬೇರೆ. ಮಳೆ ಬಂದರೆ ಕುಯ್ಲು ಇಲ್ಲ, ಆ ದಿನ ಇಬ್ಬರಿಗೂ ಸೊನ್ನೆ. ನನ್ನ ಮೂರು ತಿಂಗಳ ಲೆಕ್ಕ ಮುಗಿದ ಮೇಲೂ ಅವಳದು ಬಾಕಿ ಇತ್ತು. ಅಷ್ಟು ದಿನ ನಾನು ಅಡುಗೆ ಮಾಡಿ, ಡಬ್ಬಿ ಕಟ್ಟಿ, ಕಾರಲ್ಲಿ ಬಿಟ್ಟು ಬರುತ್ತಿದ್ದೆ.

ನವೆಂಬರ್‌ನಲ್ಲಿ ಮಾವ ಫೋನ್ ಮಾಡಿದ್ದರು. ಅರೇಬಿಕಾ ಹಣ್ಣಾಗ್ತಿದೆ, ಆಳು ಸಿಗ್ತಿಲ್ಲ ಅಂತ ಗೋಳಾಡಿದರು. ಇವಳು ಬೆರಳಿನ ಕಪ್ಪು ಕಲೆ ಉಜ್ಜುತ್ತಾ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಕೇಳಿದಳು: 'ಕಿಲೋಗೆ ಎಷ್ಟು ಕೊಡ್ತಿದ್ದೀರಪ್ಪಾ?'