ಮಾರ್ಟ್‌ನ ಅಗ್ಗದ ಬಿಲ್‌ಗೆ ಸರಿಯಾದ ಲೆಕ್ಕ ಹಾಕುವುದು ಹೇಗೆ?

ಮನೆಗೆ ಬಂದ ಕೂಡಲೇ ಬಿಲ್ ಎಸೆಯಬೇಡಿ. ನಿಮ್ಮ ಚೀಟಿಯಲ್ಲಿ ಇಲ್ಲದೆಯೂ ಗಾಡಿಗೆ ಬಿದ್ದ ಸಾಮಾನಿಗೆಲ್ಲ ಗೆರೆ ಎಳೆಯಿರಿ, ಅವುಗಳ ಬೆಲೆಗೆ ಪೆಟ್ರೋಲ್ ಖರ್ಚು ಸೇರಿಸಿ, ಅದನ್ನು ಕಳೆದ ಮೇಲೆ ಉಳಿತಾಯ ಎಷ್ಟು ಅಂತ ನೋಡಿ. ನನಗೆ ಒಮ್ಮೆ ಮೈನಸ್ ಬಂತು!

ಈಗ ಬಿಲ್‌ನಲ್ಲಿ ಕಾಣದ್ದು. ಅಲ್ಲಿ ದಿನವಿಡೀ ನಿಂತು ದುಡಿಯುವವರ ಸಂಬಳ ಎಷ್ಟು, ಕೇಳಿ ನೋಡಿ. ಅಮೆರಿಕದ ಸರ್ಕಾರಿ ಆಡಿಟ್ ಸಂಸ್ಥೆ ಜಿಎಒ 2020ರಲ್ಲಿ ಕೆಲವು ರಾಜ್ಯಗಳ ಲೆಕ್ಕ ತೆಗೆದಾಗ, ಫುಡ್ ಸ್ಟ್ಯಾಂಪ್ (ಕಡಿಮೆ ಆದಾಯದವರಿಗೆ ಊಟದ ಸಾಮಾನು ಕೊಳ್ಳಲು ಸರ್ಕಾರ ಕೊಡುವ ನೆರವು) ಪಡೆಯುವ ಕೆಲಸಗಾರರು ಜಾಸ್ತಿ ಇದ್ದ ಕಂಪನಿಗಳ ಸಾಲಿನಲ್ಲಿ ಅಲ್ಲಿನ ದೊಡ್ಡ ಮಾರ್ಟ್ ಕಂಪನಿ ವಾಲ್‌ಮಾರ್ಟ್ ಇತ್ತು, ಅಂದರೆ ಅಗ್ಗದ ಬೆಲೆಯ ಒಂದು ಪಾಲನ್ನು ತೆರಿಗೆ ಕಟ್ಟುವವರೇ ತುಂಬುತ್ತಿದ್ದರು.

ಕೊನೆಗೆ ಬೀದಿ ಮೂಲೆಯ ಅಂಗಡಿ. ತಿಂಗಳ ಕೊನೆಯಲ್ಲಿ ಕಾಲು ಕೆಜಿ ಬೇಳೆ ಉದ್ದರಿ ಕೊಡುವುದು ಮಾರ್ಟ್ ಅಲ್ಲ. ಅಕ್ಕಿ ಮೂಟೆಗೆ ಬೇಕಾದರೆ ಅಲ್ಲಿಗೆ ಹೋಗಿ, ಸಣ್ಣಪುಟ್ಟದ್ದನ್ನು ಇಲ್ಲೇ ತನ್ನಿ.